ಒಂದೇ ಕಂಬಳಿ

ಆ ಹೆಜ್ಜೇನಿಗೆ ಕಲ್ಲು ಹೊಡೆದವನು ನಾನು. ಗಾಳಿಯಲ್ಲ, ಗಿಡುಗನಲ್ಲ, ನಾಗೇಶನ ತಲೆಯ ಎಣ್ಣೆಯ ವಾಸನೆಯಂತೂ ಅಲ್ಲವೇ ಅಲ್ಲ — ನಾನು. ನಮ್ಮ ಜೇನುತುಪ್ಪ ತರಿಸಿಕೊಳ್ಳುವ ನೀವೆಲ್ಲ ಮೊದಲು ನಮ್ಮನ್ನು ಕಂಡದ್ದು ಆ ವಿಡಿಯೊದಲ್ಲಿ. ಅದರ ಮೊದಲ ತುಣುಕನ್ನು ನಾನು ಕತ್ತರಿಸಿದ್ದೆ.

ನಾಗೇಶ ನನ್ನ ಗೆಳೆಯ, ವ್ಯಾಪಾರದಲ್ಲಿ ಪಾಲುದಾರ. ಗೋಣಿಬೀಡಿನ ಹತ್ತಿರ ಕಾಫಿ ಗಿಡಗಳ ನಡುವೆ ಪೆಟ್ಟಿಗೆ ಇಟ್ಟು ತುಡುವೆ ಜೇನು ಸಾಕುತ್ತಿದ್ದವನು ಅವನು. ಅದನ್ನು ಫೋನಿನಲ್ಲಿ ಹಿಡಿದು ಊರಿಗೆಲ್ಲ ತೋರಿಸಿ ಮಾರುತ್ತೇನೆಂದು ಹೊರಟವನು ನಾನು. ಊರು ನೋಡಲಿಲ್ಲ. ವಾರವಾರ ವಿಡಿಯೊ ಹಾಕಿದರೂ ನೋಡುತ್ತಿದ್ದವರು ನನ್ನ ಅತ್ತೆಯ ಮಕ್ಕಳು, ಬಣಕಲ್ಲಿನ ಒಬ್ಬ ಮೇಷ್ಟ್ರು, ಮತ್ತೆ ನಾಗೇಶ. ಹಾಕಿದ ಕೂಡಲೇ ಮೊದಲು ನೋಡುವವನು ಅವನೇ — ತನ್ನ ಮುಖ ತಾನೇ ನೋಡಿಕೊಂಡು ನಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಮ್ಮೆ ಫೋನಿನ ಸ್ಟ್ಯಾಂಡನ್ನು ಮರಕ್ಕೆ ಬಡಿದು ಬಡಿದು ಮುರಿದೆ. ಇನ್ನೊಮ್ಮೆ ಅವನು ಹೊಸದಾಗಿ ಮಾಡಿಟ್ಟಿದ್ದ ಖಾಲಿ ಪೆಟ್ಟಿಗೆಯನ್ನು ಒದ್ದು ಪುಡಿ ಮಾಡಿದೆ. ಅವನು ಹಲಗೆ ಆಯ್ದುಕೊಳ್ಳುತ್ತಾ ಹೇಳಿದ:

"ಪೆಟ್ಟಿಗೆ ಇಟ್ಟ ಕೂಡ್ಲೆ ಜೇನು ಕುಟುಂಬ ಬಂದು ಕೂರ್ತದಾ ಮಾರಾಯ? ಮೇಣ ಉಜ್ಜಿ ಇಡ್ಬೇಕು, ಕಾಯ್ಬೇಕು. ಮೊದ್ಲು ಒಂದು ಹುಳ ಬಂದು ನೋಡ್ಕಂಡು ಹೋಗ್ತದೆ. ಉಳಿದವು ಆಮೇಲೆ."

ಕಾಯುವ ತಾಳ್ಮೆ ನನಗಿರಲಿಲ್ಲ. ಬಡಿದಾಟ, ಹಾವು, ಅಟ್ಟಿಸಿಕೊಂಡು ಬರುವ ಆನೆ — ಇಂಥದ್ದನ್ನು ತೋರಿಸುವವರಿಗೆ ಜನ ಮುತ್ತುವುದನ್ನು ನೋಡಿ ನೋಡಿ ಹೊಟ್ಟೆಕಿಚ್ಚಾಗಿತ್ತು.

ಹೊಳೆಯ ಬದಿಯ ಬೂರುಗದ ಮರದಲ್ಲಿ ಹೆಜ್ಜೇನು ಕಟ್ಟಿತ್ತು. ಕೈಗೆ ಸಿಗದಷ್ಟು ಎತ್ತರ, ಕಲ್ಲಿಗೆ ಸಿಗುವಷ್ಟು ತಗ್ಗು. ತುಡುವೆಗೂ ಹೆಜ್ಜೇನಿಗೂ ಏನು ವ್ಯತ್ಯಾಸವೆಂದು ಮರದಡಿ ನಿಂತು ಹೇಳು ಎಂದು ನಾಗೇಶನನ್ನು ಕರೆದುಕೊಂಡು ಹೋದೆ. ಜೇನಿನ ಹತ್ತಿರ ಹೋಗುವಾಗ ನಮ್ಮಲ್ಲಿ ಯಾರೂ ತಲೆಗೆ ಎಣ್ಣೆ ಹಚ್ಚುವುದಿಲ್ಲ, ವಾಸನೆಗೆ ಹುಳ ಕೆರಳುತ್ತವೆ ಎನ್ನುತ್ತಾರೆ. ಕೂದಲು ಕೆದರಿದೆ, ವಿಡಿಯೊದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಹಚ್ಚಿಸಿದವನೂ ನಾನೇ. ನನ್ನ ಹೆಗಲ ಮೇಲೆ ಕಂಬಳಿಯಿತ್ತು.

"ಈ ಬಿಸ್ಲಲ್ಲಿ ಕಂಬ್ಳಿ ಎಂತಕೆ ಮಾರಾಯ?"

"ಕೂರಕ್ಕೆ," ಎಂದೆ.

ಒಂದೇ ಕಂಬಳಿ ತಂದಿದ್ದೆ. ಸಿಟ್ಟಿನಲ್ಲಿ ಕೈ ತಪ್ಪಿತು ಎಂದು ಹೇಳಿಕೊಳ್ಳೋಣವೆಂದರೆ ಆ ಕಂಬಳಿ ಬಿಡುವುದಿಲ್ಲ.

ಎಡಗೈಯಲ್ಲಿ ಫೋನು ಹಿಡಿದೆ. ಅವನು ನಗುತ್ತಾ ಮಾತು ಶುರು ಮಾಡಿದ. ಕೆಳಗೆ ಬಿದ್ದ ಬೂರುಗದ ಹೂ ಎತ್ತಿ ತೋರಿಸು ಎಂದೆ — ಬಗ್ಗಿದ. ಬೀಸಿದೆ. ಮಾವಿನಕಾಯಿ ಹೊಡೆದು ಪಳಗಿದ ಕೈ, ಗುರಿ ತಪ್ಪಲಿಲ್ಲ. ಅದೇ ಕೈಯಲ್ಲಿ ಕಂಬಳಿಯನ್ನು ತಲೆಯ ಮೇಲಿಂದ ಎಳೆದು ಹೊದ್ದೆ. ಮರದ ಮೇಲಿದ್ದ ಕಪ್ಪು ಜೇನುಹುಟ್ಟು ಒಡೆದು ಅವನ ಮೇಲೆ ಸುರಿಯಿತು. ಮುಖ ಕಾಣಲಿಲ್ಲ, ಮುಖವಿದ್ದ ಕಡೆಯೆಲ್ಲ ಹುಳ. ತನ್ನ ಕೆನ್ನೆಗೆ ತಾನೇ ರಪರಪ ಹೊಡೆದುಕೊಂಡ, ಕಾಫಿ ಗಿಡಕ್ಕೆ ಸಿಕ್ಕಿ ಬಿದ್ದ, ಎದ್ದ, ಮತ್ತೆ ಬಿದ್ದ. ಬಾಯಿ ತೆರೆದರೆ ಬಾಯೊಳಗೂ —

"ಕಂಬ್ಳಿ — ಕಂಬ್ಳಿ ಕೊಡು ಮಾರಾಯ —"

ನಾನು ಅದನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡೆ. ಸಂದಿಯಿಂದ ಫೋನು ಹಿಡಿದೇ ಇದ್ದೆ. ಅವನು ಉರುಳಿ ಉರುಳಿ ಹೊಳೆಗೆ ಬೀಳುವವರೆಗೂ ಹಿಡಿದಿದ್ದೆ.

ಜೀವ ಉಳಿಯಿತು. ಎಡಗಣ್ಣಿನ ಗುಡ್ಡೆಗೇ ಚುಚ್ಚಿದ್ದವು, ಅದು ಉಳಿಯಲಿಲ್ಲ. ಅವನು ಗುರುತೇ ಸಿಗದಂತೆ ಊದಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಹೊರಗಿನ ಬೆಂಚಿನಲ್ಲಿ ಕೂತು ವಿಡಿಯೊ ಕತ್ತರಿಸುತ್ತಿದ್ದೆ. ಕಲ್ಲು ಹಾರುವುದನ್ನು ತೆಗೆದೆ. ಕಂಬಳಿ ಬೇಡಿದ ದನಿಯನ್ನೂ ತೆಗೆದೆ. ಉಳಿದದ್ದಕ್ಕೆ ಜನ ಮುಗಿಬಿದ್ದರು. ಅಯ್ಯೋ ಪಾಪ ಎಂದವರೇ ಜೇನುತುಪ್ಪ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ತಲೆಗೆ ಎಣ್ಣೆ ಹಚ್ಚಿಕೊಂಡು ಹೋದದ್ದಕ್ಕೇ ಹೀಗಾಯಿತು ಎಂದು ಊರವರು ತೀರ್ಮಾನಿಸಿದರು. ನಾಗೇಶನೂ ಅದನ್ನೇ ನಂಬಿದ. ನಾನು ಹೌದೆಂದು ತಲೆಯಾಡಿಸಿದೆ. ಕಂಬಳಿಯ ವಿಷಯದಲ್ಲಿ ನನ್ನನ್ನು ಸಮಾಧಾನ ಮಾಡಿದವನೂ ಅವನೇ: "ಇದ್ದದ್ದು ಒಂದೇ ಕಂಬ್ಳಿ. ಇಬ್ರೂ ಸಾಯ್ಬೇಕಿತ್ತಾ? ಬಿಡು ಅತ್ಲಾಗೆ."

ಮೊನ್ನೆ ಮೂಡಿಗೆರೆಯಲ್ಲಿ, ಹೊಸದಾಗಿ ವ್ಯಾಪಾರಕ್ಕೆ ಇಳಿದವರ ಮುಂದೆ ಮಾತಾಡಲು ನನ್ನನ್ನು ಕರೆದಿದ್ದರು. ಶುರುವಿನಲ್ಲಿ ಯಾರೂ ನೋಡುವುದಿಲ್ಲವಲ್ಲ, ಆಗ ಹೇಗೆ ತಡೆದುಕೊಂಡಿರಿ ಎಂದು ಒಬ್ಬಳು ಕೇಳಿದಳು. ತಾಳ್ಮೆ ಎಂದೆ. ಮೇಣ ಉಜ್ಜುವುದು, ಕಾಯುವುದು, ಮೊದಲು ಬಂದು ನೋಡುವ ಒಂದು ಹುಳ — ಎಲ್ಲ ಹೇಳಿದೆ, ನನ್ನದೇ ಮಾತೆಂಬಂತೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿದ್ದ ನಾಗೇಶನೂ ತಟ್ಟಿದ. ಕೆಳಗಿಳಿದು ಬರುವಾಗ ಅವನು ಅವಳಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಜೇನಿನ ಹತ್ರ ಹೋಗುವಾಗ ತಲೆಗೆ ಎಣ್ಣೆ ಹಚ್ಬೇಡಮ್ಮ. ನಾನು ಹಚ್ಚಿ ಕೆಟ್ಟೆ. ತಪ್ಪು ನಂದೇ."

ಅದನ್ನು ಕೇಳಿಯೂ ಅವನ ಜೊತೆಯಲ್ಲೇ ಕೂತು ಊಟ ಮಾಡಿ ಬಂದೆ.

ಕತ್ತರಿಸದ ವಿಡಿಯೊ ಇನ್ನೂ ನನ್ನ ಹತ್ತಿರ ಇದೆ. ಅಳಿಸಲು ಹೋದಾಗಲೆಲ್ಲ — ಏಕೋ, ಆಗಲಿಲ್ಲ. ನೀವು ಇದನ್ನು ಓದುವ ಹೊತ್ತಿಗೆ ಅದನ್ನು ನಮ್ಮ ಪುಟದಲ್ಲಿ ಪೂರ್ತಿ ಹಾಕಿರುತ್ತೇನೆ, ಕಲ್ಲಿನ ಸಮೇತ, ಆ ದನಿಯ ಸಮೇತ. ಕ್ಷಮೆ ಕೇಳುವ ಮುಖ ನನಗಿಲ್ಲ. ಆದರೆ ಹಾಕುವ ಮುಂಚೆ ಫೋನು ಹಿಡಿದು ಅವನ ಮನೆಗೆ ಹೋಗುತ್ತೇನೆ. ಉಳಿದಿರುವ ಆ ಒಂದು ಕಣ್ಣಿನಿಂದ ಅವನೇ ಮೊದಲು ನೋಡಲಿ. ಯಾರೂ ಇಲ್ಲದಾಗ ನಮ್ಮ ವಿಡಿಯೊಗಳನ್ನು ಮೊದಲು ನೋಡುತ್ತಿದ್ದವನು ಅವನೇ.