ಜಾಗವಿದ್ದರೂ ಜಾಗವಿಲ್ಲ ಎಂದ ಡಿಸ್ಕ್

ಧ್ವನಿ ಸ್ಟುಡಿಯೊದಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಕತ್ತರಿ ಎಂದೇ. ಗಂಟಲಿನ ಶಸ್ತ್ರಚಿಕಿತ್ಸೆಯಿಂದ ಮಾತು ಕಳೆದುಕೊಳ್ಳಲಿರುವವರು ಮೊದಲೇ ಅಲ್ಲಿಗೆ ಬಂದು ಮೈಕಿನ ಮುಂದೆ ಓದುತ್ತಾರೆ. ಆಕೆ ಆ ಓದನ್ನು ಪದ, ಅಕ್ಷರಗಳಾಗಿ ಕತ್ತರಿಸುತ್ತಾಳೆ. ಪ್ರತಿ ತುಣುಕೂ ಒಂದು ಫೈಲ್. ಮುಂದೆ ಯಂತ್ರ ಅವನ್ನು ಪೋಣಿಸಿ ಅವರದೇ ದನಿಯಲ್ಲಿ ಮಾತಾಡುತ್ತದೆ.

ನಿವೃತ್ತ ಮೇಷ್ಟ್ರೊಬ್ಬರು ಮರುದಿನ ಆಸ್ಪತ್ರೆ ಸೇರಬೇಕಿತ್ತು. ಓದು ಅರ್ಧಕ್ಕೆ ಬಂದಾಗ ಲಿನಕ್ಸ್ ಕಂಪ್ಯೂಟರ್ ‘ಡಿಸ್ಕಿನಲ್ಲಿ ಜಾಗವಿಲ್ಲ’ ಎಂದಿತು. ಕತ್ತರಿ ಹಳೆಯ ದೊಡ್ಡ ರೆಕಾರ್ಡಿಂಗ್‌ಗಳನ್ನು ಬೇರೆಡೆಗೆ ಸಾಗಿಸಿದಳು. ಡಿಸ್ಕ್ ಅರ್ಧ ಖಾಲಿಯಾಯಿತು. ಉತ್ತರ ಮಾತ್ರ ಅದೇ.

ಆಕೆಗೆ ಗಾಬರಿಗಿಂತ ಕುತೂಹಲ ಹೆಚ್ಚಾಯಿತು. ಜಾಗ ನೋಡುವುದನ್ನು ಬಿಟ್ಟು ಫೈಲುಗಳನ್ನು ಎಣಿಸಿದಳು. ಆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುತ್ತಿದ್ದ ಎಕ್ಸ್ಟ್4 ಎಂಬ ಫೈಲ್‌ಸಿಸ್ಟಮ್, ಎಷ್ಟು ಫೈಲಿಗೆ ಅವಕಾಶ ಎಂಬುದನ್ನು ಡಿಸ್ಕ್ ಸಿದ್ಧಪಡಿಸುವಾಗಲೇ ನಿಗದಿ ಮಾಡಿಬಿಡುತ್ತದೆ, ಗೋಡೆಗೆ ಗೂಟ ಹೊಡೆದ ಹಾಗೆ. ದೊಡ್ಡ ಕೋಟು ನೇತುಹಾಕಲೂ ಒಂದು ಗೂಟ, ಕರವಸ್ತ್ರಕ್ಕೂ ಒಂದು. ಆಕೆ ತೆಗೆದದ್ದು ಕೋಟುಗಳನ್ನು. ಗೂಟಗಳನ್ನೆಲ್ಲ ಹಿಡಿದಿದ್ದದ್ದು ಕರವಸ್ತ್ರಗಳು.

“ಹೊಸ ಡಿಸ್ಕ್ ಇದೆಯಲ್ಲಮ್ಮ, ಹಾಕಿ ಮುಗಿಸಬಾರದಾ?” ಎಂದರು ಜೊತೆಗೆ ಬಂದಿದ್ದ ಮೇಷ್ಟ್ರ ಹೆಂಡತಿ.

“ಒಂದೊಂದು ಫೈಲಿಗೂ ಒಂದು ಗೂಟ ಇದ್ದ ಹಾಗೆ ಅಮ್ಮಾ, ಎಷ್ಟು ಬೇಕು ಅಂತ ಈಗಲೇ ಹೇಳ್ಬೇಕು. ಸರ್ ಇನ್ನೆಷ್ಟು ಮಾತಾಡ್ತಾರೋ ಯಾರಿಗೆ ಗೊತ್ತು?”

“ಮದುವೆಯಾದಾಗಿಂದ ನಂಗೇ ಗೊತ್ತಾಗಿಲ್ಲ!”

ಹೊಸ ಡಿಸ್ಕನ್ನು ಎರಡು ಭಾಗ ಮಾಡಿ, ಒಂದಕ್ಕೆ ಎಕ್ಸ್ಟ್4, ಇನ್ನೊಂದಕ್ಕೆ ಎಕ್ಸ್‌ಎಫ್‌ಎಸ್ ಎಂಬ ಬೇರೆ ಫೈಲ್‌ಸಿಸ್ಟಮ್ ಹಾಕಿದಳು. ಎರಡರಲ್ಲೂ ಒಂದೇ ಫೋಲ್ಡರಿನೊಳಗೆ ಲಕ್ಷಗಟ್ಟಲೆ ಖಾಲಿ ಫೈಲುಗಳನ್ನು ಸುರಿದು ನೋಡಿದಳು. ಎಕ್ಸ್ಟ್4 ಗೂಟ ಮುಗಿದಲ್ಲಿ ನಿಂತಿತು. ಎಕ್ಸ್‌ಎಫ್‌ಎಸ್ ಬೇಕಾದಂತೆ ಹೊಸ ಗೂಟ ಹೊಡೆದುಕೊಳ್ಳುತ್ತ ಹೋಯಿತು.

“ಇದೇ ಇರ್ಲಿ. ಒಂದೇ ತೊಂದರೆ ಸರ್, ಇದನ್ನ ಹಿಗ್ಗಿಸಬಹುದು, ಕುಗ್ಗಿಸೋಕಾಗಲ್ಲ.”

ಮೇಷ್ಟ್ರು ಹೊಟ್ಟೆ ಸವರಿಕೊಂಡರು. “ನನ್ನ ಜಾತೀದೇ ಅನ್ನು.”

ಇಡೀ ಡಿಸ್ಕನ್ನು ಎಕ್ಸ್‌ಎಫ್‌ಎಸ್‌ಗೇ ಕೊಟ್ಟು ಕೆಲಸ ಮುಂದುವರಿಸಿದಳು. ಸಂಜೆಗೆ ಓದು ಮುಗಿಯಿತು. ಹೆಂಡತಿ ಚಪ್ಪಲಿ ಹಾಕಿಕೊಳ್ಳಲು ಹೊರಗೆ ಹೋಗಿದ್ದರು, ಬಾಗಿಲು ತೆರೆದೇ ಇತ್ತು.

“ಇನ್ನೊಂದು ಮಾತಿಗೆ ಗೂಟ ಇದೆಯೇನಮ್ಮ?” ಎಂದರು ಮೇಷ್ಟ್ರು.

“ಎಷ್ಟು ಬೇಕಾದ್ರೂ.”

ಅವರು ಮೈಕಿನತ್ತ ಬಾಗಿದರು. “ಏ, ಇವಳೇ.”

“ಬಂದೆ, ತಾಳ್ರೀ!” ಎಂಬ ದನಿ ಹೊರಗಿನಿಂದ ಬಂತು. ಅದೂ ರೆಕಾರ್ಡ್ ಆಯಿತು.

ಆ ಒಂದು ಫೈಲನ್ನು ಮಾತ್ರ ಆಕೆ ಕತ್ತರಿಸಲಿಲ್ಲ.