ಕೋಡಿ ಬಿದ್ದ ವರ್ಷದ ಫೋಟೋ

ತಾಯಮ್ಮ, ನಿನ್ನಪ್ಪ ಕೆರೆಯನ್ನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಟ್ಟನೆಂದೇ ಊರು ಇವತ್ತಿಗೂ ನಂಬಿದೆ — ನಂಬಿಸಿದವನು ನಾನು. ಈ ಎರಡು ಮಾತು ಬರೆಯಲು ನನಗೆ ಆರು ವರ್ಷ ಬೇಕಾಯಿತು.

ನೀನು ಮದುವೆಯಾಗಿ ಹಂಪಾಪುರದ ಕಡೆ ಇದ್ದವಳು, ನಿನಗೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ನಮ್ಮ ದೊಡ್ಡಕೆರೆಯ ‘ಹೆಚ್ಚುವರಿ ನೀರ’ನ್ನು ಪೈಪಿನಲ್ಲಿ ಎತ್ತಿ ದೂರದ ಹೊಸ ಬಡಾವಣೆಗಳಿಗೆ ಒಯ್ಯುತ್ತೇವೆ ಎಂದು ಯೋಜನೆಯವರು ಬಂದರು. ಕೆರೆ ತುಂಬಿ, ಕೋಡಿ ಬಿದ್ದು, ನೀರು ಹರಿದುಹೋಗುವಂತಿದ್ದರೆ ಮಾತ್ರ ಎತ್ತಬಹುದು ಎಂಬುದು ಅವರದೇ ನಿಯಮ. ನಾವು ಸಮಿತಿ ಕಟ್ಟಿದೆವು. ಅಧ್ಯಕ್ಷ ನಾನೇ — ಇನ್ನಾರು? ಕೆರೆ ಕೆಳಗೆ ಹೆಚ್ಚು ಗದ್ದೆ ಇದ್ದವನು ನಾನು, ಮೈಕು ಹಿಡಿದರೆ ಬಿಡದವನೂ ನಾನು. ಹುಣಸೂರಿನಲ್ಲಿ ಬಿಂದಿಗೆ ಹೊತ್ತು ಮೆರವಣಿಗೆ ಮಾಡಿದೆವು. ಪಿರಿಯಾಪಟ್ಟಣದ ಸಂತೆಯಲ್ಲಿ, ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ಕರಪತ್ರ ಹಂಚಿದೆವು. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲೂ ಜನ ಸೊಪ್ಪು ಹದ ಮಾಡುವ ಬ್ಯಾರನ್ನಿನ ಬೆಂಕಿಯನ್ನು ಹೆಂಗಸರ ಕೈಗೆ ಬಿಟ್ಟು ಬಂದರು. ಆ ಜನರಲ್ಲಿ ಸುಳ್ಳಿರಲಿಲ್ಲ, ಸುಳ್ಳು ಇದ್ದದ್ದು ನಾನು ಬರೆದ ಅರ್ಜಿಯಲ್ಲಿ.

ಮಾರಮ್ಮನ ಗುಡಿ ಜಗಲಿಯ ಮೇಲೆ ಕೂತು ತೀರ್ಮಾನ ಮಾಡಿದೆವು. ಕೆರೆ ಕೋಡಿ ಬಿದ್ದು ಎಷ್ಟೋ ವರ್ಷವಾಯಿತು ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಬೇಕು. ಹಿಂದಿನ ಮಳೆಗಾಲದಲ್ಲಿ ಎರಡು ದಿನ ಕೋಡಿ ಹರಿದದ್ದು ಊರಿಗೆಲ್ಲ ಗೊತ್ತು, ಆದರೂ ಊರು ತಲೆಯಾಡಿಸಿತು. ಜಗಲಿಯ ಕೆಳಗೆ ನಿಂತಿದ್ದ ನಿನ್ನಪ್ಪ ಒಬ್ಬನೇ ಬಾಯಿಬಿಟ್ಟ. ತಲೆಮಾರುಗಳಿಂದ ತೂಬು ಎತ್ತಿ ಇಳಿಸಿದ ಮನೆಯ ನೀರುಗಂಟಿ ಅವನು.

“ಸುಳ್ಳು ಬ್ಯಾಡಿ ಬುದ್ಧಿ. ಕೋಡಿ ಬಿದ್ದುದ್ದ ಯೋಳಿ, ಬಿದ್ದ ನೀರು ಎಲ್ಲಿಗೋಯ್ತದೆ ಅಂತಾನೂ ಯೋಳಿ. ಕೆಳಗ್ಲೂರ ಕೆರೆ ತುಂಬೋದೇ ನಮ್ ಕೋಡಿ ನೀರ್ನಿಂದ. ಎಚ್ಚಾಗಿರೋ ನೀರು ಎಲ್ಲದೆ?”

ಎಷ್ಟು ಸರಿಯಾದ ಮಾತು! ಅರ್ಜಿಯಲ್ಲಿ ಅದೊಂದೇ ಸಾಲು ಇದ್ದಿದ್ದರೆ ಕೆರೆ ಉಳಿಯುತ್ತಿತ್ತೋ ಏನೋ. ಆದರೆ ಅದು ನನಗೆ ಹೊಳೆದ ಮಾತಲ್ಲ — ಅಷ್ಟೇ ಸಾಕಾಗಿತ್ತು.

“ನೀರು ಬುಡೋದು ನಿನ್ ಕೆಲ್ಸ ಕಣ್ಲಾ ಕಾಳಯ್ಯ. ಅರ್ಜಿ ಬರ್ಯೋದು ನನ್ ಕೆಲ್ಸ” ಎಂದೆ. ಜಗಲಿ ನಕ್ಕಿತು. ನಿನ್ನಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಈಗ ಫೋಟೋ ವಿಷಯ. ಕೋಡಿ ಬಿದ್ದ ಆ ವರ್ಷ ಬಾಗಿನ ಕೊಟ್ಟವನು ನಾನು. ನಮ್ಮೂರ ಪದ್ಧತಿ ನಿನಗೆ ಗೊತ್ತಲ್ಲ — ಬಾಗಿನದ ಮೊರವನ್ನು ಕೊಟ್ಟವರೇ ನೀರಿಗೆ ಬಿಡುವಂತಿಲ್ಲ. ನೀರುಗಂಟಿ ಸೊಂಟದ ಮಟ್ಟ ನೀರಿಗಿಳಿದು, ಎರಡೂ ಕೈ ಚಾಚಿ, ಈಸಿಕೊಂಡು ಬಿಡಬೇಕು. ಫೋಟೋ ತೆಗೆದ ಪೇಪರಿನವನಿಗೆ ನಾನೇ ಹೇಳಿದೆ, ಕೆಳಗೆ ನಿಂತವನು ಬೇಡ, ತೆಗೆದುಹಾಕು ಎಂದು. ಅವನು ಕತ್ತರಿಸಿದ. ಪೇಟ ತೊಟ್ಟ ನಾನು ಪೂರ್ತಿ ಬಂದೆ, ಮೊರದ ಅಂಚಿನಲ್ಲಿ ನಿನ್ನಪ್ಪನ ಎರಡು ಕೈ ಮಾತ್ರ ಉಳಿದವು. ಆ ಪೇಪರನ್ನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಆಮೇಲೆ ಊರೂ ಮರೆಯಿತು, ನಾನೂ ಮರೆತೆ.

ಪರಿಶೀಲನೆಗೆ ಬಂದ ಇಂಜಿನಿಯರ್ ಮರೆತಿರಲಿಲ್ಲ. ಊರವರನ್ನೆಲ್ಲ ಆಲದ ಮರದ ಕೆಳಗೇ ನಿಲ್ಲಿಸಿ, ನನ್ನನ್ನೂ ನಿನ್ನಪ್ಪನನ್ನೂ ಮಾತ್ರ ಏರಿ ಮೇಲೆ ಕರೆದುಕೊಂಡು ಹೋದ. ನಾನು ಅರ್ಜಿಯನ್ನು ಗಟ್ಟಿಯಾಗಿ ಓದಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, ಫೈಲಿನಿಂದ ಒಂದು ಜೆರಾಕ್ಸ್ ಹಾಳೆ ತೆಗೆದ. ನನ್ನದೇ ಮುಖ. ಕೆಳಗೆ ಅವರ ಆಫೀಸಿನ ಮೊಹರು.

“ಇದು ನೀವೇ ಅಲ್ವೇನ್ರಿ? ಯಾವ ವರ್ಷದ್ದು?”

ಆಗ ನಾನು ಮೂರು ಮಾತು ಆಡಬಹುದಿತ್ತು — ಹೌದು, ನಾನೇ, ಹೋದ ವರ್ಷ. ಆಡಲಿಲ್ಲ. “ಅದೆಲ್ಲ ನೀರುಗಂಟೀನ ಕೇಳಿ ಸಾರ್” ಎಂದೆ.

ನಿನ್ನಪ್ಪ ಹಾಳೆ ನೋಡಿದ. ಮೊರದ ಅಂಚಿನ ತನ್ನ ಕೈಗಳನ್ನು ಗುರುತು ಹಿಡಿದಿರಬೇಕು. ನನ್ನ ಕಡೆ ಒಮ್ಮೆ ನೋಡಿದ. ಕಾಲಿನ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟ. ಏರಿಯ ಮೇಲೆ ನಿಂತು ನೀರುಗಂಟಿ ಸುಳ್ಳು ಹೇಳಬಾರದು ಎಂಬುದನ್ನು ನಾವು ಮಾತಿಗೆ ಹೇಳುತ್ತೇವೆ, ಅವನು ನಂಬಿದ್ದ.

“ಓದೊರ್ಸ ಬಿದ್ದಿತ್ತು ಸ್ವಾಮಿ. ಎಲ್ಡೇ ದಿವ್ಸ. ಅಷ್ಟೂ ನೀರು ಕೆಳಗ್ಲ ಕೆರೆಗೋಯ್ತು. ಅದೂ ಬರ್ಕಳಿ.”

ಮೊದಲನೆಯದನ್ನು ಇಂಜಿನಿಯರ್ ಬರೆದುಕೊಂಡ. ಉಳಿದದ್ದನ್ನು ಬರೆದುಕೊಂಡನೋ ಇಲ್ಲವೋ ನಾನು ನೋಡಲಿಲ್ಲ, ಅಷ್ಟರಲ್ಲಿ ಆಲದ ಮರದ ಕಡೆ ಇಳಿಯುತ್ತಿದ್ದೆ. ಜನ ಸುತ್ತುವರಿದು ಏನಾಯ್ತು ಏನಾಯ್ತು ಎಂದರು.

“ಕಾಳಯ್ಯ ಒಪ್ಕೊಂಡ್ಬುಟ್ಟ ಕಣ್ರಪ್ಪಾ” ಎಂದೆ.

ಇಷ್ಟೇ, ತಾಯಮ್ಮ. ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮನೆಗೆ ಹೋಗಿ ಊಟ ಮಾಡುವಾಗ ಅದನ್ನೇ ನೆನೆದು ಸಮಾಧಾನ ಪಟ್ಟುಕೊಂಡೆ. ಫೋಟೋ ವಿಷಯ ಎತ್ತಲಿಲ್ಲ. ನಿಮ್ಮ ಬೀದಿಯವನೊಬ್ಬ ಊರಿಗೆ ಎರಡು ಬಗೆದ ಎಂದರೆ ನಂಬಲು ನಮ್ಮವರಿಗೆ ಸಾಕ್ಷಿ ಬೇಕಿರಲಿಲ್ಲ — ಅದೂ ನನಗೆ ಗೊತ್ತಿತ್ತು.

ಮುಂದಿನದಕ್ಕೆ ನೀನೇ ಸಾಕ್ಷಿ. ತೂಬಿನ ಕೆಲಸ ಕಿತ್ತುಕೊಂಡೆವು. ಸುಗ್ಗಿಯಲ್ಲಿ ಪದ್ಧತಿಯಂತೆ ನೀರುಗಂಟಿಯ ಪಾಲಿನ ಭತ್ತಕ್ಕೆ ಅವನು ಚೀಲ ಹಿಡಿದು ನನ್ನ ಕಣಕ್ಕೆ ಬಂದ, ತವರಿಗೆ ಬಂದಿದ್ದ ನೀನು ಚೀಲದ ಇನ್ನೊಂದು ತುದಿ ಹಿಡಿದು ನಿಂತಿದ್ದೆ. ಹತ್ತು ಆಳುಗಳ ಮುಂದೆ ಹೇಳಿದೆ: “ಪೈಪ್ನೋರ್ತಾವ ಇಸ್ಕೊ ಓಗ್ಲಾ, ಅವ್ರು ನೀರ್ನೇ ತುಂಬ್ಕೊಡ್ತಾರೆ.” ಎಲ್ಲರಿಗಿಂತ ಜೋರಾಗಿ ನಗು ಬಂದದ್ದು ನನಗೇ. ನಿನ್ನಪ್ಪ ಚೀಲ ಮಡಿಸಿದ. ಅದನ್ನು ಮಡಿಸಲು ಅವನು ತೆಗೆದುಕೊಂಡ ಹೊತ್ತು ನನಗಿನ್ನೂ ನೆನಪಿದೆ, ಆಗ ಅದರಿಂದ ನನಗೆ ಖುಷಿಯೇ ಆಯಿತು. ಹೌದು, ಖುಷಿ. ಬೇರೆ ಪದ ಹಾಕಿದರೆ ಮತ್ತೆ ಸುಳ್ಳಾಗುತ್ತದೆ.

ಪೈಪು ಬಂತು. ಪಂಪುಮನೆ ಎದ್ದಿತು. ಕೆಳಗಿನೂರ ಕೆರೆಯಲ್ಲಿ ಈಗ ಹುಡುಗರು ಕ್ರಿಕೆಟ್ ಆಡುತ್ತಾರೆ. ನಾನು ಇನ್ನೂ ಅಧ್ಯಕ್ಷನೇ, ಎಚ್.ಡಿ. ಕೋಟೆಯ ಕಡೆಯವರೂ ಕೆರೆ ಉಳಿಸುವುದು ಹೇಗೆ ಎಂದು ಭಾಷಣಕ್ಕೆ ಕರೆಯುತ್ತಾರೆ. ಪ್ರತಿ ಭಾಷಣದಲ್ಲೂ ‘ನಮ್ಮಲ್ಲೇ ಒಬ್ಬ ಬಿಟ್ಟುಕೊಟ್ಟ’ ಎಂದು ನಿನ್ನಪ್ಪನನ್ನು ತರುತ್ತೇನೆ. ಆ ಜಾಗದಲ್ಲಿ ಚಪ್ಪಾಳೆ ಬೀಳುತ್ತದೆ.

ಹೋದ ವರ್ಷ ಅವನು ಸತ್ತಾಗ, ನೀರುಗಂಟಿಯ ಹೆಣ ಏರಿ ಮೇಲೆ ಹೋಗಬೇಕು, ತೂಬಿನ ಹತ್ತಿರ ಇಳಿಸಿ ಕೆರೆ ನೀರು ಚಿಮುಕಿಸಬೇಕು ಎಂದು ನಿಮ್ಮವರು ಕೇಳಲು ಬಂದರು. ಜನ ಮೆತ್ತಗಾಗಿದ್ದರು, ಆಗಲಿ ಎನ್ನುವವರೇ ಹೆಚ್ಚಿದ್ದರು. ಬೇಡ ಎಂದವನು ನಾನೊಬ್ಬನೇ. ನೀವು ಟಾರು ರಸ್ತೆಯಲ್ಲಿ ಸುತ್ತಿಕೊಂಡು ಹೋದಿರಿ. ನಾನು ಮಹಡಿ ಮೇಲಿಂದ ನೋಡಿದೆ.

ಹನ್ನೊಂದನೇ ದಿನದ ಕಾರ್ಯ ಮುಗಿಸಿ ನೀನು ನನ್ನ ಹಟ್ಟಿ ಬಾಗಿಲಿಗೆ ಬಂದೆ. ಬೈಯಲು ಬಂದೆ ಎಂದುಕೊಂಡೆ. ಸೆರಗಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹಾಳೆ ತೆಗೆದೆ.

“ಅಪ್ಪ ಪೆಟ್ಗೇಲಿ ಜ್ವಾಪಾನ್ವಾಗಿ ಮಡ್ಗಿತ್ತು. ನಿಮ್ ಪೋಟ ಅಂತೆ. ನಿಮ್ಗೇ ಕೊಟ್ಬುಡು ಅಂದಿತ್ತು.”

ಅದೇ ಜೆರಾಕ್ಸು. ಅವತ್ತು ಏರಿ ಮೇಲೆ ಅವನ ಕೈಯಲ್ಲೇ ಉಳಿದದ್ದು. ಅದೇ ಮೊಹರು, ಕೆಳಗೆ ಇಂಜಿನಿಯರನ ಕೈಬರಹ: ಸಮಿತಿ ಅಧ್ಯಕ್ಷರು, ಕೋಡಿ ಬಾಗಿನ. ಅಷ್ಟು ವರ್ಷ ನಿನ್ನಪ್ಪನ ಪೆಟ್ಟಿಗೆಯಲ್ಲಿತ್ತು. ಊರು ಸಿಕ್ಕಿಬಿದ್ದದ್ದು ಅಧ್ಯಕ್ಷರ ಫೋಟೋದಿಂದ ಎಂದು ಗುಡಿ ಜಗಲಿಗೆ ತಂದು ತೋರಿಸಿದ್ದರೆ ತಲೆ ತಗ್ಗಿಸಬೇಕಾದವನು ನಾನಾಗುತ್ತಿದ್ದೆ. ಯಾಕೆ ತರಲಿಲ್ಲ — ನನ್ನ ಮರ್ಯಾದೆ ಕಾಯಲೆಂದೋ, ತಂದರೂ ಯಾರೂ ನಂಬುವುದಿಲ್ಲವೆಂದೋ... ಮೊದಲನೆಯದು ಎಂದುಕೊಳ್ಳಲು ನನಗೆ ಆಸೆ. ಎರಡನೆಯದೇ ಇರಬೇಕು.

ನಿನಗೆ ಓದಲು ಬರುತ್ತದೆ, ಆದರೂ ನೀನು ಅದನ್ನು ಬರೀ ಫೋಟೋ ಎಂದುಕೊಂಡಿದ್ದೆ. ನಾನು ಈಸಿಕೊಂಡೆ. ಕಾಫಿ ಕುಡಿದು ಹೋಗವ್ವ ಎಂದೆ, ನೀನು ಬೇಡ ಎಂದು ಹೊರಟೆ. ನೀನು ಬೀದಿ ತಿರುವು ದಾಟುವ ಮೊದಲೇ ಅದನ್ನು ಬಚ್ಚಲ ಒಲೆಗೆ ಹಾಕಿದೆ. ಪ್ಲಾಸ್ಟಿಕ್ಕಿನ ಸಮೇತ. ಮನೆಯೆಲ್ಲ ನಾತ ತುಂಬಿ ಹೆಂಡತಿ ಕೇಳಿದಳು, ಕಸ ಎಂದೆ.

ನಿನ್ನಪ್ಪನ ಪರವಾಗಿ ಇದ್ದ ಒಂದೇ ಸಾಕ್ಷಿಯನ್ನು ನಿನ್ನ ಕೈಯಿಂದಲೇ ಈಸಿಕೊಂಡು ಸುಟ್ಟೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಇದೇ ಬರಹದ ಇನ್ನೊಂದು ಪ್ರತಿಯನ್ನು ಇವತ್ತು ಬೆಳಿಗ್ಗೆ ಸಹಿ ಹಾಕಿ ಮಾರಮ್ಮನ ಗುಡಿ ಬಾಗಿಲಿಗೆ ಅಂಟಿಸಿ ಬಂದಿದ್ದೇನೆ. ಅದನ್ನು ನಮ್ಮವರು ಹರಿದುಹಾಕಬಹುದು — ನಮ್ಮವರನ್ನು ನಾನು ಬಲ್ಲೆ. ನಿನಗೆ ಕಳಿಸಿದ ಈ ಪ್ರತಿಯನ್ನು ಯಾರು ಕೇಳಿದರೂ ಕೊಡಬೇಡ, ತಾಯಮ್ಮ. ನಾಳೆ ಮನಸ್ಸು ಬದಲಾಗಿ ನಾನೇ ಬಂದು ಕೇಳಿದರೂ ಕೊಡಬೇಡ.