ಕಾಕಾನ ಮುಂಜಾನೆಯ ಗುಳಿಗೆ

ಮೊನ್ನೆ ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಕರಿ ಕಾಗದ ಸುತ್ತಿದ ಸಲಾಯಿನ್ ಬಾಟಲಿ ಕಂಡೆ. ಹುನಗುಂದದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕೋರ್ಟಿನ ಕಾಕಾ ನೆನಪಾದರು. ಅವರು ನೆನಪಾದರೆ ಈಗಲೂ ಮೊದಲು ಬರುವುದು ಸಿಟ್ಟೇ...

ಎಂಬತ್ತರ ದಶಕದ ಮಾತು. ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದ ಅವರಿಗೆ ರಕ್ತದೊತ್ತಡವಿತ್ತು, ಹೃದಯದ ಕವಾಟವೂ ಕೆಟ್ಟಿತ್ತು. ಮುಂಬಯಿಗೆ ಆಪರೇಷನ್ನಿಗೆ ಹೊರಟಾಗ, ಹಿಂದಿ ಬರುತ್ತದೆಂದು ಅವರ ಹೆಂಡತಿ ಕಾಕು ನನ್ನನ್ನೂ ಕರೆದೊಯ್ದರು. ಕಾಕಾನದು ಒಂದೇ ಹಟ, ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ಹನಿ ನೀರೂ ಇಲ್ಲ. ಆಪರೇಷನ್ನಿನ ದಿನ ಬೆಳಿಗ್ಗೆ ನರ್ಸು ಕೊಟ್ಟ ಬಿ.ಪಿ. ಗುಳಿಗೆಯನ್ನು ನುಂಗಿದಂತೆ ಮಾಡಿ ದಿಂಬಿನ ಕೆಳಗೆ ಸರಿಸಿಬಿಟ್ಟಿದ್ದರು. ಅವರನ್ನು ಒಳಗೆ ಒಯ್ದ ಮೇಲೆ ಅದು ಕಾಕುವಿನ ಕೈಗೆ ಸಿಕ್ಕಿತು.

ಒಳಗೆ ಒತ್ತಡ ಏರುತ್ತಲೇ ಹೋಯಿತಂತೆ. ಹಾಗೆ ನುಗ್ಗಿದರೆ ಹೃದಯದ ಹಸಿ ಹೊಲಿಗೆಯೇ ಬಿಚ್ಚೀತು. ರಕ್ತನಾಳ ಸಡಿಲಿಸುವ ಔಷಧವನ್ನು, ಬೆಳಕಿಗೆ ಕೆಡುತ್ತದೆಂದು ಬಾಟಲಿಗೆ ಕರಿ ಕಾಗದ ಸುತ್ತಿ, ಹನಿಹನಿಯಾಗಿ ಬಿಟ್ಟರು. ತುಸು ಹೆಚ್ಚಾದರೆ ಒತ್ತಡ ಕುಸಿಯುತ್ತಿತ್ತು, ಕಡಿಮೆಯಾದರೆ ಮತ್ತೆ ಏರುತ್ತಿತ್ತು. ಹೊರಬಂದ ಡಾಕ್ಟರ ಅಂಗಿ ಬೆವರಿಗೆ ಮೈಗಂಟಿತ್ತು. ಜೀವ ಉಳಿದಿದೆ, ಇನ್ನು ಎದ್ದ ಕೂಡಲೇ ಗುಳಿಗೆ ತಪ್ಪಬಾರದು ಎಂದರು.

ಊರಿಗೆ ಬಂದರೆ ಮತ್ತೆ ಅದೇ ರಾಗ. ಪೂಜೆ ಮುಗಿಯುವಷ್ಟರಲ್ಲಿ ಮಧ್ಯಾಹ್ನ, ಗುಳಿಗೆಯೂ ಆಗಲೇ. ಕಾಕು ಸೋತು, ಓಣಿಯ ಮಠದ ಸ್ವಾಮಿಗಳಾದ ಅಜ್ಜಾರನ್ನು ಮನೆಗೇ ಕರೆಸಿದರು.

"ಗುಳಿಗಿನೂ ಪ್ರಸಾದ ಅಂತ ತಿಳದು ಎದ್ದಕೂಡ್ಲೆ ನುಂಗಪಾ," ಎಂದರು ಅಜ್ಜಾರು. ಕಾಕಾ ತಲೆಯಾಡಿಸಿದರು. ನಾವು ಗೆದ್ದೆವೆಂದುಕೊಂಡೆವು.

ಮರುದಿನ ಹೋಗಿ ನೋಡಿದರೆ ಗುಳಿಗೆ ಪೂಜೆಯ ತಟ್ಟೆಯಲ್ಲಿ, ವಿಭೂತಿಯ ಪಕ್ಕ ಕೂತಿದೆ.

"ಪ್ರಸಾದ ಅಂದಮ್ಯಾಲ ಲಿಂಗಕ್ಕ ಅರ್ಪಸದ ಹ್ಯಾಂಗ ನುಂಗ್ಲೋ ತಮ್ಮಾ?" ಎಂದು ನನ್ನನ್ನೇ ಕೇಳಿದರು. ನಾನು ಹಣೆ ಹಣೆ ಬಡಿದುಕೊಂಡೆ. ಅಜ್ಜಾರ ಮಾತನ್ನೂ ತಮ್ಮ ಹಟಕ್ಕೇ ಜೋಡಿಸಿಕೊಂಡ ಮನುಷ್ಯನಿಗೆ ಇನ್ನೇನು ಹೇಳುವುದು...

ಒಂದೆರಡು ವರ್ಷ ಹೀಗೇ ನಡೆಯಿತು. ಒಂದು ಮುಂಜಾನೆ ಕಾಕು ಕೂಗಿದ್ದು ಕೇಳಿ ಓಡಿದೆ. ಕಾಕಾ ಮಣೆಯ ಮೇಲೇ ಗೋಡೆಗೆ ಒರಗಿದ್ದರು. ಲಿಂಗ ಎಡಗೈಯಲ್ಲಿತ್ತು, ಗುಳಿಗೆ ತಟ್ಟೆಯಲ್ಲೇ ಇತ್ತು. ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು ಊರಿನ ಡಾಕ್ಟರು.

ಪೂಜೆಯಲ್ಲೇ ಲಿಂಗೈಕ್ಯರಾದ ಪುಣ್ಯವಂತರು ಎಂದು ಓಣಿಯೆಲ್ಲ ಕೈಮುಗಿಯಿತು. ಕಾಕು ಮಾತ್ರ ನನ್ನ ಕಡೆ ತಿರುಗಿ, "ಅವರ ಪುಣ್ಯಾ ತಗೊಂಡು ನಾ ಏನ್ ಮಾಡ್ಲೋ?" ಎಂದರು.

ಈಗ ಕಾಕುವೂ ಇಲ್ಲ. ನನಗೂ ಬಿ.ಪಿ. ಬಂದಿದೆ. ಹಾಸಿಗೆಯಲ್ಲಿ ಕೂತೇ, ಮುಖ ತೊಳೆಯುವ ಮೊದಲೇ ಗುಳಿಗೆ ನುಂಗುತ್ತೇನೆ. ಕಾಕಾ ಕಂಡಿದ್ದರೆ ಬೈಯುತ್ತಿದ್ದರು, ನಾನೂ ಬಿಡದೆ ಎದುರುತ್ತರ ಕೊಡುತ್ತಿದ್ದೆ. ಜಗಳಕ್ಕಾದರೂ ಆ ಮನುಷ್ಯ ಇರಬೇಕಿತ್ತು.